ಬುದ್ಧನ ಅಂಗಳದ ಚಕ್ಕುಬಂದಿ

ಪಕ್ಕದವರು ಬೇಲಿಯನ್ನು ಒಂದು ಮಾರು ಈಚೆಗೆ ತಳ್ಳುವ ತಂಟೆ ನಮ್ಮ ಊರುಗಳಿಗೆ ಹೊಸದಲ್ಲ. ಅಮೆರಿಕದ ಟಕ್ವಿಲಾದಲ್ಲೂ ಅದೇ ತಂಟೆ. ಆದರೆ ಇಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಹಾಡಹಗಲಲ್ಲೇ, "ಗುಡ್ ಮಾರ್ನಿಂಗ್" ಹೇಳಿ ತಳ್ಳುತ್ತಾರೆ.

ಆ ಶನಿವಾರ ಜಪಾನೀ ಬೌದ್ಧ ದೇವಾಲಯದ ಅಂಗಳದಲ್ಲಿ ಪಕ್ಕದ ಗೋದಾಮಿನ ಕಂಪನಿಯವರು ಗೂಟ ಹೊಡೆಯುತ್ತಿದ್ದರು. ಗೂಟದ ಸಾಲಿಗೆ ಅಡ್ಡವಾಗಿ ಮಡಚುವ ಕುರ್ಚಿ ಹಾಕಿ ಕೂತಿದ್ದವರು ದೇವಾಲಯದ ಅಧ್ಯಕ್ಷೆ ಮಿಚಿಕೊ ನಕಾನಿಶಿ. ವಯಸ್ಸು ಎಂಬತ್ತು ದಾಟಿದೆ. ಪ್ರತಿ ಜುಲೈನಲ್ಲಿ ಸತ್ತ ಹಿರಿಯರನ್ನು ನೆನೆದು ಜನ ಸುತ್ತುಗಟ್ಟಿ ಕುಣಿಯುವುದು ಈ ಅಂಗಳದಲ್ಲೇ.

ದೇವಾಲಯದ ನೆಲಮಾಳಿಗೆಯಲ್ಲಿ ಶನಿವಾರ ಕನ್ನಡ ತರಗತಿ. ಮೊಮ್ಮಗಳನ್ನು ಬಿಡಲು ಬಂದ ಅಚ್ಯುತ, ವಿಮಾನ ಕಾರ್ಖಾನೆಯ ನಿವೃತ್ತ ಇಂಜಿನಿಯರ್, ಕಾರಿನಿಂದ ಇಳಿಯಲೇ ಇಲ್ಲ.

"ನಮಗ್ಯಾಕೆ? ಜಪಾನಿನವರ ಜಾಗ, ಅಮೆರಿಕದವರ ಬೇಲಿ. ಬೇರೆ ಹಾಲ್ ಬುಕ್ ಮಾಡಿದ್ರಾಯ್ತು."

"ಮಿಚಿಕೊ ಕೂಡ ಅಮೆರಿಕದವ್ರೇ ರೀ," ಎಂದರು ಪತ್ನಿ ಕಮಲಾಕ್ಷಿ. "ಇಲ್ಲೇ ಹುಟ್ಟಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದವರನ್ನೆಲ್ಲ ಕ್ಯಾಂಪಿಗೆ ಹಾಕಿದ್ರಲ್ಲ, ಆ ಮುಳ್ಳುತಂತಿ ಒಳಗೆ."

"ಅದು ಸರಿ. ಆದ್ರೆ ದಾಖಲೆ ಎಲ್ಲಿ? ಕೌಂಟಿಯ ನೋಂದಣಿ ಆಫೀಸಲ್ಲಿ ಹುಡುಕಿಸಿದ್ರಂತೆ. ದೇವಾಲಯದ ಹೆಸರಲ್ಲಿ ಅಂಗಳ ಇಲ್ವೇ ಇಲ್ವಂತೆ."

"ಇರುದಿಲ್ಲ ಅಂಕಲ್," ಎನ್ನುತ್ತ ಬಂದವಳು ತರಗತಿಯ ಟೀಚರ್ ಫ್ಲೋರಿನ್. ಮಂಗಳೂರಿನವಳು. ವಾರವಿಡೀ ಅವಳ ಕೆಲಸ ಜಮೀನಿನ ಪತ್ರಗಳ ತಪಾಸಣೆ. "ಆಗಿನ ಇಲ್ಲಿಯ ಕಾನೂನಲ್ಲಿ ಜಪಾನಿಂದ ಬಂದವ್ರು ಜಾಗ ತಗೊಳ್ಳುವ ಹಾಗೇ ಇರ್ಲಿಲ್ಲ. ಇಲ್ಲೇ ಹುಟ್ಟಿದವ್ರ ಹೆಸರಲ್ಲಿ ತಗೊಳ್ತಿದ್ರು. ಯಾರ ಹೆಸರು ಅಂತ ಗೊತ್ತಾಗ್ಬೇಕು, ಅಷ್ಟೇ."

"ಗೊತ್ತಿದ್ದವರೆಲ್ಲ ಹೋದ್ರಲ್ಲಮ್ಮ!"

"ನೆರೆಯವ ಇದ್ದಾನಲ್ಲ! ಊರಲ್ಲಿ ನಮ್ಮ ಪತ್ರ ಕಳೆದ್ರೆ ಎಂತ ಮಾಡ್ತೇವೆ? ಪಕ್ಕದವನ ಪತ್ರದ ಚಕ್ಕುಬಂದಿ ನೋಡುದು. ಪೂರ್ವಕ್ಕೆ ಇಂಥವರ ಜಾಗ, ಪಶ್ಚಿಮಕ್ಕೆ ಇಂಥವರದ್ದು ಅಂತ ಅದ್ರಲ್ಲಿ ಬರೆದಿರ್ತಾರಲ್ಲ."

ಅಚ್ಯುತ ಕಂಪನಿಯ ಲಾಯರಿನಂತೆ ಮೂಗಿನಲ್ಲಿ ಮಾತೆಳೆದರು. "'ಓ ಶ್ಯೂರ್ ಮ್ಯಾಡಂ, ನಮ್ಮ ಪತ್ರ ತಗೊಳ್ಳಿ, ನಮ್ಮ ಮೇಲೇ ಕೇಸ್ ಹಾಕಿ!' ಅಂತಾರಾ?"

"ಅವ್ರು ಕೊಡುದೇ ಬೇಡ ಮಾರಾಯ್ರೆ. ಕೌಂಟಿಯಲ್ಲಿ ನೋಂದಣಿ ಆದ ಪತ್ರ ಯಾರು ಬೇಕಾದ್ರೂ ನೋಡ್ಬಹುದು."

ಸೋಮವಾರ ಫ್ಲೋರಿನ್, ಮಿಚಿಕೊ ಇಬ್ಬರೂ ಕೌಂಟಿ ಆಫೀಸಿಗೆ ಹೊರಟರು. "ಡ್ರೈವ್ ಮಾಡೋಕೆ ಮಾತ್ರ ಬರ್ತೀನಿ," ಎಂದ ಅಚ್ಯುತ ಹತ್ತೇ ನಿಮಿಷದಲ್ಲಿ ಕನ್ನಡಕ ಏರಿಸಿ ಪರದೆಯ ಮುಂದೆ ಬಗ್ಗಿದ್ದರು. ಕಂಪನಿಗೆ ಮಾರಿದವರು ಯಾರು, ಅವರಿಗೆ ಮಾರಿದವರು ಯಾರು ಎಂದು ಹಿಂದಕ್ಕೆ ಹಿಂದಕ್ಕೆ ಹೋದಾಗ, ಯುದ್ಧಕ್ಕೆ ಮುಂಚಿನ ಒಂದು ಪತ್ರ ಸಿಕ್ಕಿತು. ಪಶ್ಚಿಮದ ಎಲ್ಲೆ: ಹಿರೋಶಿ ನಕಾನಿಶಿಯ ಜಾಗ.

"ನನ್ನ ಚಿಕ್ಕಪ್ಪ," ಎಂದರು ಮಿಚಿಕೊ.

ಆ ಹೆಸರಿನಲ್ಲಿ ಹುಡುಕಿದೊಡನೆ ಅಂಗಳದ ಕ್ರಯಪತ್ರ ಹೊರಬಂತು. ಹಿರೋಶಿ ಅದನ್ನು ಯಾರಿಗೂ ಮಾರಿರಲಿಲ್ಲ. ಯುದ್ಧದಲ್ಲಿ ಮಿಲಿಟರಿಯವರು ದೇವಾಲಯವನ್ನೇ ವಶಪಡಿಸಿಕೊಂಡರು. ಯುದ್ಧ ಮುಗಿದ ಮೇಲೆ ಕಟ್ಟಡವನ್ನು ಬಿಟ್ಟುಕೊಟ್ಟರು, ಅಂಗಳದ ಮಾತೆತ್ತಲಿಲ್ಲ. ಜನ ಕ್ಯಾಂಪಿನಲ್ಲಿದ್ದಾಗ ಪಕ್ಕದ ಜಮೀನಿನವ ತನ್ನದನ್ನು ಮಾರುತ್ತ, ಇದನ್ನೂ ಸೇರಿಸಿ ಮಾರಿಬಿಟ್ಟಿದ್ದ. ಕಾಗದ ಆ ಕಡೆ ಹೋಯಿತು. ಕುಣಿತ ಇಲ್ಲೇ ಉಳಿಯಿತು.

"ಜನರನ್ನ ಕೂಡಿಹಾಕಿ, ಅವರಿಲ್ದಾಗ ಜಾಗ ಮಾರೋದಾ!" ಅಚ್ಯುತರ ದನಿಗೆ ಆಫೀಸೇ ತಿರುಗಿ ನೋಡಿತು.

ಮುಂದಿನ ಶನಿವಾರ ಅಂಗಳದಲ್ಲಿ ಎರಡು ಕುರ್ಚಿ. ಎರಡನೆಯದು ಅಚ್ಯುತರದು.

"ಸರ್, ದಯವಿಟ್ಟು ಸ್ವಲ್ಪ ಸರಿಯಿರಿ," ಎಂದ ಜಾಕೆಟ್‌ನವನು.

ಉತ್ತರ ಕೊಟ್ಟವರು ಮಿಚಿಕೊ. "ನಮ್ಮನ್ನು ಒಂದು ಸಲ ಸರಿಸಿದ್ದಾಗಿದೆ. ಇನ್ನೊಂದು ಸಲ ಇಲ್ಲ."

ಹಿರೋಶಿಗೆ ಮಕ್ಕಳಿರಲಿಲ್ಲ, ಉಳಿದ ವಾರಸುದಾರರು ಮಿಚಿಕೊ ಒಬ್ಬರೇ. ಅವರು ಕೋರ್ಟಿಗೆ ಹೋದರು. ತೀರ್ಪು ಇನ್ನೂ ಬಂದಿಲ್ಲ. ಬರುವವರೆಗೆ ಬೇಲಿ ಹಾಕಕೂಡದೆಂದು ತಡೆಯಾಜ್ಞೆಯಾಗಿದೆ. ಗೂಟಗಳು ಬಂದ ಲಾರಿಯಲ್ಲೇ ವಾಪಸಾದವು. ಜುಲೈನಲ್ಲಿ ಎಲ್ಲರೂ ಕುಣಿದರು, ಅಚ್ಯುತರೂ. ಇಂಜಿನಿಯರ್ ಕೈ ಎತ್ತಿದಾಗಲೆಲ್ಲ ವಿಮಾನ ಇಳಿಸುತ್ತಿರುವ ಹಾಗೆಯೇ ಇತ್ತು.

ಮನೆಗೆ ಹೋಗುವಾಗ ಕಮಲಾಕ್ಷಿ ಕೇಳಿದರು: "ಅಲ್ಲಾ ರೀ, ಇಲ್ಲೇ ಪಕ್ಕದ ನ್ಯೂಕ್ಯಾಸಲ್‌ನಲ್ಲಿ ನಮ್ಮ ಕನ್ನಡ ಸಂಘದ ಜಾಗ ಯಾರ ಹೆಸರಲ್ಲಿದೆ?"

ಅಚ್ಯುತ ಗಂಟಲು ಸರಿಮಾಡಿಕೊಂಡರು. "ನನ್ನ ಹೆಸರಲ್ಲೇ. ಆಗಿನ್ನೂ ಸಂಘ ರಿಜಿಸ್ಟರ್ ಆಗಿರ್ಲಿಲ್ವಲ್ಲ."

"ನೀವು ಹೋದ್ಮೇಲೆ?"

"ಎಲ್ಲಿಗೆ?"

"ರೀ!"

ಆ ವಾರವೇ ಲಾಯರನ್ನು ಕಂಡು, ಅಚ್ಯುತ ಜಾಗವನ್ನು ಸಂಘದ ಹೆಸರಿಗೆ ಮಾಡಿಕೊಟ್ಟು ನೋಂದಣಿಯನ್ನೂ ಮುಗಿಸಿದರು.

ನೀವು? ನಿಮ್ಮ ಸಂಘದ, ದೇವಸ್ಥಾನದ, ಚರ್ಚಿನ ಜಾಗ ಯಾರ ಹೆಸರಿನಲ್ಲಿದೆ ಎಂದು ಈ ವಾರವೇ ಕೇಳಿ. ಒಬ್ಬರ ಹೆಸರಿನಲ್ಲಿದ್ದರೆ, ಅವರು ಎದುರಿಗಿರುವಾಗಲೇ ವರ್ಗಾಯಿಸಿಕೊಳ್ಳಿ. ಪತ್ರ ಸಿಗದಿದ್ದರೆ ಕೈಚೆಲ್ಲಬೇಡಿ. ನೆರೆಯವರ ಹಳೆಯ ಪತ್ರಗಳಲ್ಲಿ ನಿಮ್ಮ ಎಲ್ಲೆಯನ್ನು ಹುಡುಕಿ. ಕೌಂಟಿಯ ಬಾಗಿಲು ನಿಮಗೂ ತೆರೆದಿದೆ. ಮತ್ತೆ ಯಾರಾದರೂ ಬಂದು "ಸರಿಯಿರಿ" ಎಂದರೆ, ಸುಮ್ಮನೆ "ಸರಿ" ಎಂದು ಎದ್ದುಬಿಡಬೇಡಿ. ಕುರ್ಚಿ ಹಾಕಿ ಕೂತುಕೊಳ್ಳಿ.