ಅವಳಿಗೆ ಕಂಡ ಲೆಕ್ಕ

ಹುಡುಗಿಯ ಒಳ್ಳೆಯದಕ್ಕೇ ತಾನೇ ಇದು? ಲೆಕ್ಕದ ಮೇಷ್ಟ್ರು ಮೇಜಿನ ಮೇಲಿನ ಕಾಗದವನ್ನು ಮತ್ತೊಮ್ಮೆ ಓದಿದರು. ಒಂಬತ್ತನೇ ತರಗತಿಯ ಈ ಹುಡುಗಿಗೆ ದೃಷ್ಟಿ ತೀರಾ ಕಡಿಮೆ, ನಮ್ಮ ಶಾಲೆಯಲ್ಲಿ ಮುಂದುವರಿಯುವುದು ಕಷ್ಟ ಎಂದು ಅವರೇ ಬರೆದದ್ದು. ತಾವೂ ತಾಯಿಯೂ ಸಹಿ ಹಾಕಿದರೆ ಮುಗಿಯಿತು. ಆರು ವಾರ, ಆರು ಪರೀಕ್ಷೆ, ಆರು ಸೊನ್ನೆ. ಮುಂದಿನ ಬೆಂಚಿನಲ್ಲಿ ಕೂರಿಸಿಯೂ ಆಯಿತು. ಇನ್ನೇನು ಮಾಡಬಹುದಿತ್ತು? ಆದರೂ ಪೆನ್ನಿನ ಮುಚ್ಚಳ ತೆಗೆಯಲು ಕೈ ಬರಲಿಲ್ಲ.

ಅಷ್ಟರಲ್ಲಿ ತಾಯಿ ಮಗಳೊಂದಿಗೆ ಬಂದು ಕುಳಿತರು. ಇಸ್ತ್ರಿ ಅಂಗಡಿಯ ಕೆಲಸ ಅವರದು. ಜೊತೆಗೆ ದೃಷ್ಟಿ ಕಡಿಮೆಯಿರುವ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಓಡಾಡುವ ಶಿಕ್ಷಕಿಯೂ ಇದ್ದರು.

“ಎಲ್ಲಿ ಸಹಿ ಹಾಕಲಿ ಸರ್?” ತಾಯಿ ಕೇಳಿದರು. “ಓದಿ ಓದಿ ಇರೋ ಕಣ್ಣೂ ಹೋಗೋದು ಬೇಡ. ನನ್ನ ಜೊತೆ ಇಸ್ತ್ರಿ ಮಾಡ್ಕೊಂಡಿರ್ತಾಳೆ.”

“ಬೋರ್ಡೇ ಕಾಣದವಳ ಕೈಗೆ ಕಾದ ಇಸ್ತ್ರಿಪೆಟ್ಟಿಗೆ ಕೊಡ್ತೀಯೇನಮ್ಮ?” ಎಂದಳು ಮಗಳು. “ಗಿರಾಕಿಗಳ ಅಂಗಿ ಗತಿ ಏನು?”

“ನೋಡಿ ಮೇಡಂ, ಬಾಯಿಗೇನೂ ಕಮ್ಮಿಯಿಲ್ಲ.”

ಶಿಕ್ಷಕಿ ನಕ್ಕರು. “ಕಣ್ಣಿನ ಡಾಕ್ಟರು ಓದಬೇಡ ಅಂದ್ರಾ ಅಕ್ಕಾ?”

“ಕನ್ನಡಕದಿಂದ ಇದಕ್ಕಿಂತ ಹೆಚ್ಚು ಕಾಣಿಸಲ್ಲ ಅಂದ್ರು. ಓದಬೇಡ ಅಂದಿದ್ದು... ಅದು ಪಕ್ಕದ ಮನೆಯವರು.”

“ಹತ್ತಿರ ಹಿಡಿದು ಓದಿದ್ರೆ ಕಣ್ಣು ಸವೆಯಲ್ಲಕ್ಕಾ. ಕಣ್ಣನ್ನ ಡಾಕ್ಟರಿಗೆ ತೋರಿಸ್ತಾ ಇರಿ, ಪಕ್ಕದ ಮನೆಗೆ ಬೇಡ.” ಆಮೇಲೆ ಮೇಷ್ಟ್ರ ಕಡೆ ತಿರುಗಿದರು. “ಇವಳ ಪರೀಕ್ಷೆ ಪುಸ್ತಕ ಕೊಡ್ತೀರಾ ಸರ್?”

ಪ್ರತಿ ಶನಿವಾರ ಮೇಷ್ಟ್ರು ಬೋರ್ಡಿನ ಮೇಲೆ ಐದು ಲೆಕ್ಕ ಬರೆಯುತ್ತಿದ್ದರು. ಮಕ್ಕಳು ನೋಡಿ ಬರೆದುಕೊಂಡು ಮಾಡಬೇಕು. ನಲವತ್ತೆರಡು ಪುಸ್ತಕ. ಕೊನೆಯ ಸಾಲಿನ ಉತ್ತರವನ್ನಷ್ಟೇ ನೋಡಿ ಸರಿಯೋ ತಪ್ಪೋ ಎಂದು ಗುರುತು ಹಾಕುವುದು ಅವರ ರೂಢಿ.

ಶಿಕ್ಷಕಿ ಮೊದಲ ಸಾಲಿನಿಂದ ಓದಿದರು. “ಮೂರು ಎಕ್ಸ್ ಸಮ ಎಪ್ಪತ್ತೆರಡು. ಎಕ್ಸ್ ಇಪ್ಪತ್ನಾಲ್ಕು. ಸರಿ ಇದೆಯಲ್ಲ?”

“ನಾನು ಕೊಟ್ಟಿದ್ದು ಎಂಟು ಎಕ್ಸ್ ಮೇಡಂ. ಒಂಬತ್ತು ಬರಬೇಕು.”

“ಇವಳಿಗೆ ಎಂಟು ಮೂರಾಗಿ ಕಂಡಿದೆ. ಕಂಡ ಲೆಕ್ಕವನ್ನ ಸರಿಯಾಗೇ ಮಾಡಿದ್ದಾಳೆ.”

ಮೇಷ್ಟ್ರು ಪುಸ್ತಕ ಎಳೆದುಕೊಂಡರು. ಎರಡನೆಯ ಲೆಕ್ಕದಲ್ಲಿ ಹದಿನೈದು ಹದಿನಾರಾಗಿತ್ತು. ಮೂರನೆಯದರಲ್ಲಿ ಕೂಡುವ ಗುರುತು ಕಳೆಯುವ ಗೆರೆಯಾಗಿತ್ತು. ಹಿಂದಿನ ವಾರ, ಅದರ ಹಿಂದಿನ ವಾರವೂ ಹೀಗೇ. ಒಂದೊಂದೇ ಹಾಳೆ ಮಗುಚುತ್ತಾ ಮೊದಲ ವಾರದವರೆಗೂ ಹೋದರು.

“ಯಾಕೇ ಹೇಳಲಿಲ್ಲ ನೀನು?” ತಾಯಿ ಮಗಳನ್ನು ಕೇಳಿದರು.

“ಅದು ಎಂಟು ಅಂತ ಗೊತ್ತಿದ್ರೆ ತಾನೇ ಹೇಳೋದು? ನನಗೆ ಮೂರೇ ಕಂಡಿತ್ತು.”

“ಹಾಗಾದ್ರೆ... ನನ್ನ ಮಗಳು ದಡ್ಡಿ ಅಲ್ಲ.”

“ಐದನೇದು ನಿಜವಾಗ್ಲೂ ತಪ್ಪಮ್ಮ. ಅದು ಚೆನ್ನಾಗೇ ಕಂಡಿತ್ತು.”

ತಾಯಿ ನಗುತ್ತಲೇ ಕಣ್ಣೊರೆಸಿಕೊಂಡರು.

“ಮುಂದಿನ ಬೆಂಚಲ್ಲೇ ಕೂರಿಸಿದ್ದೆನಲ್ಲ ಮೇಡಂ,” ಎಂದರು ಮೇಷ್ಟ್ರು.

“ಇವಳನ್ನೇ ಕೇಳಿ ಸರ್.”

ಅದೊಂದನ್ನು ಅವರು ಮಾಡಿರಲಿಲ್ಲ. ಕೇಳಿದರು.

“ಅಲ್ಲಿಂದ ನೋಡಿದ್ರೆ ಕಿಟಕಿ ಬೆಳಕಿಗೆ ಬೋರ್ಡು ಹೊಳೆಯುತ್ತೆ ಸರ್. ಕಿಟಕಿ ಪಕ್ಕದ ಸಾಲಲ್ಲಿ ಕೂತ್ರೆ ಹೊಳೆಯಲ್ಲ. ಮತ್ತೆ ನೀವು ಬರೀವಾಗ ಬಾಯಿಬಿಟ್ಟು ಹೇಳಿದ್ರೆ ಚೆನ್ನಾಗಿರುತ್ತೆ. ನೀವು ಮಾತೇ ಆಡಲ್ಲ.”

“ಪರೀಕ್ಷೆಗೆ ದಪ್ಪ ಕಪ್ಪು ಅಕ್ಷರದಲ್ಲಿ ಬರೆದ ಹಾಳೆ ಕೊಡಿ, ಸ್ವಲ್ಪ ಹೆಚ್ಚು ಹೊತ್ತು ಕೊಡಿ,” ಎಂದರು ಶಿಕ್ಷಕಿ.

“ಇವಳೊಬ್ಬಳಿಗೇ ಹೆಚ್ಚು ಹೊತ್ತು ಕೊಟ್ರೆ ಬೇರೆ ಮಕ್ಕಳು ಜಗಳ ತೆಗೆಯಲ್ವಾ?” ತಾಯಿಗೆ ಇನ್ನೂ ಅನುಮಾನ.

“ಲೆಕ್ಕ ಎಲ್ಲರಿಗೂ ಅದೇ ಅಕ್ಕಾ. ಓದೋಕೆ ಇವಳಿಗೆ ಹೊತ್ತು ಹಿಡಿಯುತ್ತೆ, ಅಷ್ಟೇ.”

ಮೇಷ್ಟ್ರು ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು.

ಮುಂದಿನ ಶನಿವಾರ ಅವಳಿಗೆ ಐದಕ್ಕೆ ನಾಲ್ಕು. ಮೇಷ್ಟ್ರು ಬಾಯಿಬಿಟ್ಟ ಮೇಲೆ ಹಿಂದಿನ ಬೆಂಚಿನವರಿಗೂ ಲೆಕ್ಕ ತಲೆಗೆ ಹತ್ತತೊಡಗಿತು. ಇಸ್ತ್ರಿ ಅಂಗಡಿಗೆ ಬಂದ ಗಿರಾಕಿಗಳು ಯಾರೂ ಆ ಪುಟ ನೋಡದೆ ಬಟ್ಟೆ ಒಯ್ಯುವಂತಿರಲಿಲ್ಲ.

ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಪುಸ್ತಕವನ್ನು ಮೂಗಿಗೆ ತಾಗಿಸಿ ಓದುವ ಮಗುವಿದ್ದರೆ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಕನ್ನಡಕ ಹಾಕಿಯೂ ಸರಿಯಾಗಿ ಕಾಣದಿದ್ದರೆ ಶಾಲೆ ಬಿಡಿಸಬೇಡಿ. ಎಲ್ಲಿ ಕೂತರೆ ಕಾಣುತ್ತದೆ, ಅಕ್ಷರ ಎಷ್ಟು ದಪ್ಪ ಇರಬೇಕು ಎಂದು ಆ ಮಗುವನ್ನೇ ಕೇಳಿ. ಪಾಠ ಹೇಳುವವರು ನೀವಾಗಿದ್ದರೆ, ತಪ್ಪು ಹಾಕುವ ಮೊದಲು ಮಗು ಯಾವ ಲೆಕ್ಕ ಮಾಡಿದೆ ಎಂದು ನೋಡಿ. ತಪ್ಪು ನಿಮ್ಮದಾಗಿದ್ದರೆ ಅದನ್ನೂ ಹೇಳಿಬಿಡಿ.

ನಮ್ಮ ಲೆಕ್ಕದ ಮೇಷ್ಟ್ರು ಹಳೆಯ ಸೊನ್ನೆಗಳನ್ನೆಲ್ಲ ಹೊಡೆದುಹಾಕಿ ಹೊಸ ಅಂಕ ಬರೆದರು. ಆ ಸೊನ್ನೆಗಳು ತಮ್ಮ ತಪ್ಪು ಎಂದು ಮಾತ್ರ ಅವಳಿಗೆ ಯಾವತ್ತೂ ಹೇಳಲಿಲ್ಲ.