ತುರುಬಿನ ಮಲ್ಲಿಗೆ

ಜಾವಾದ ಸೋಲೋ ಊರಿನ ಪೇಟೆಯಲ್ಲಿ ಕ್ಯಾಮೆರಾ ಲೆನ್ಸ್ ಅಂಗಡಿ ಇಟ್ಟಿರುವ ಹಿರಿಯ ಪಾಕ್ ಹೆಂದಾರ್, ಮದುವೆ ಫೋಟೋ ತೆಗೆಯುವ ನನಗೆ ಅಂದೇ ಹೇಳಿದ್ದರು: "ಮದುವೆಮನೆ ಇಕ್ಕಟ್ಟು, ಮೂವತ್ತೈದು ಎಂಎಂ ಲೆನ್ಸ್ ಸಾಕು ಕಣೋ. ಈ ಎಂಬತ್ತೈದನ್ನ ಪೂರ್ತಿ ತೆರೆದ್ರೆ ಕಣ್ಣು ಫೋಕಸ್‌ಗೆ ಸಿಕ್ಕಿದಾಗ ಕಿವಿ ಸಿಗಲ್ಲ, ಮಸುಕಾಗುತ್ತೆ, ಆಮೇಲೆ ನನ್ನ ಬೈಬೇಡ."

ನನಗೋ ಹಿನ್ನೆಲೆಯೆಲ್ಲ ಕರಗಿಹೋಗಬೇಕಿತ್ತು, ನೋಡಿದವರು ಬೆರಗಾಗಬೇಕಿತ್ತು. ಎಂಬತ್ತೈದನ್ನೇ ಕೊಂಡೆ.

ಅದರಲ್ಲಿ ತೆಗೆದ ಮೊದಲ ಮದುವೆ, ಸಂತೆಯಲ್ಲಿ ಹುದುಗು ಬರಿಸಿದ ಸೋಯಾ ಬಿಲ್ಲೆ ಟೆಂಪೆ ಮಾರುವ ತುಮಿರಾ ಅಮ್ಮನ ಮಗಳದು. ನಮ್ಮಲ್ಲಿಯ ವಾಡಿಕೆಯಂತೆ ಮದುಮಗಳು ಮಂಡಿಯೂರಿ, ತಾಯಿಯ ಮೊಣಕಾಲಿಗೆ ಹಣೆಯಿಟ್ಟು ಕ್ಷಮೆ ಬೇಡುವ ಹೊತ್ತು ಬಂತು. ತಾಯಿ ಅವಳ ಮೇಲೆ ಬಾಗಿ, ಏನೋ ಪಿಸುಗುಡುತ್ತ ಅತ್ತರು. ನಾನು ಲೆನ್ಸನ್ನು ಪೂರ್ತಿ ತೆರೆದಿಟ್ಟೇ ತೆಗೆದೆ. ಮನೆಗೆ ಬಂದು ನೋಡಿದರೆ ಅಷ್ಟೂ ಚಿತ್ರಗಳಲ್ಲಿ ಮಗಳ ತುರುಬಿನ ಮಲ್ಲಿಗೆ ಎಸಳೆಸಳಾಗಿ ಕಾಣುತ್ತಿತ್ತು. ತಾಯಿಯ ಮುಖ ಬರೀ ಮಂಜು.

ತಪ್ಪೊಪ್ಪಿಕೊಳ್ಳಬೇಕೆಂದೇ ಆಲ್ಬಮ್ ಒಯ್ದೆ. ತುಮಿರಾ ಅಮ್ಮ ಆ ಪುಟದ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಒಳ್ಳೇದು ಮಾಡಿದೆ ಮಗಾ," ಅಂದರು. "ಹಲ್ಲು ಉದುರಿದ ನನ್ನ ಮುಖ ಅವಳ ಪಕ್ಕ ಚೆಂದ ಕಾಣಲ್ಲ ಅಂತಾನೇ ಮಸುಕು ಮಾಡಿದೀಯ, ಅಲ್ವಾ?"

ಇಲ್ಲಮ್ಮಾ, ನನ್ನ ಕೈಯ ತಪ್ಪು, ನನ್ನ ಜಂಬದ ತಪ್ಪು ಎನ್ನಬೇಕಿತ್ತು. ನನ್ನ ಹಾಳು ನಾಲಿಗೆ "ಹೌದಮ್ಮಾ" ಎಂದುಬಿಟ್ಟಿತು.

ಅವರು ನಗಲು ಹೋಗಿ, ಥಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.