ಹೆಬ್ಬೆರಳಿನ ಲೆಕ್ಕ

ಸೈಕಲ್ ರಿಪೇರಿಗೆ ಗ್ಲೌಸ್ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವರೇನು ಹೆರಿಗೆ ಮಾಡಿಸುತ್ತಾರಾ? ಮೆಝಿತ್ಸಾದ ಗಣಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮಪ್ಪ ಸೀಸದ ಧೂಳು ಮೆತ್ತಿದ ನೂರಾರು ಸೈಕಲ್ಲುಗಳನ್ನು ಬರಿಗೈಯಲ್ಲೇ ಬಿಚ್ಚಿ ಜೋಡಿಸಿದವನು. ರಿಮ್ಮಿನಿಂದ ಟಯರ್ ಎಬ್ಬಿಸುವ ಅವನ ಉಕ್ಕಿನ ಲಿವರ್ ಈಗಲೂ ನನ್ನ ಏಪ್ರನ್ ಜೇಬಿನಲ್ಲಿದೆ. ಗಶ್ಪೆರ್ ಹತ್ತಿರ ಇರುವುದು ಪ್ಲಾಸ್ಟಿಕ್ಕಿನದು, ಅದೂ ಗುಲಾಬಿ ಬಣ್ಣದ್ದು. ಮೊದಲ ಸಲ ನೋಡಿದಾಗ ಯಾವುದೋ ಮಗುವಿನ ಬಾಚಣಿಗೆ ಅಂದುಕೊಂಡಿದ್ದೆ.

ಗಶ್ಪೆರ್ ಅಂದರೆ ನನ್ನ ಮಗಳು ಬ್ರಿನಾಳ ಹೊಸ ತಂಡದ ಮೆಕ್ಯಾನಿಕ್. ಮೂವತ್ತು ದಾಟಿದ ಗಂಡಸು. ತಂಡದ ಡೇರೆಯಲ್ಲಿ ಅವನಿಗೊಂದು ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಉಪಕರಣಗಳು. ಗಾಳಿ ಅಳೆಯುವುದಕ್ಕೂ ಒಂದು ಮೀಟರ್! ಬ್ರಿನಾ ಒಂಬತ್ತು ವರ್ಷದವಳಿದ್ದಾಗಿಂದ ಪ್ರತಿ ರೇಸು ಹೊರಡುವ ಗೆರೆಯಲ್ಲಿ ನಿಂತು "ಗಾಳಿ ಎಷ್ಟಿದೆ ಅಮ್ಮಾ?" ಅಂತ ಕೇಳುತ್ತಾಳೆ. ನಾನು ಹೆಬ್ಬೆರಳಲ್ಲಿ ಟಯರ್ ಒತ್ತಿ "ಸಾಕು, ಹೋಗು" ಅನ್ನುತ್ತೇನೆ. ಹನ್ನೊಂದು ವರ್ಷ ಆ ಹೆಬ್ಬೆರಳು ಒಮ್ಮೆಯೂ ತಪ್ಪಿಲ್ಲ. ಅದಕ್ಕೆ ಬ್ಯಾಟರಿಯೂ ಬೇಕಿಲ್ಲ.

ಆ ಭಾನುವಾರ ಪೇತ್ಸಾ ಬೆಟ್ಟದ ಬುಡದಲ್ಲಿ ವರ್ಷದ ಕೊನೆಯ ರೇಸು, ಬೆಟ್ಟ ಹತ್ತಿ ಇಳಿಯುವುದು. ಮೊದಲ ಮೂರರಲ್ಲಿ ಬಂದರೆ ಬ್ರಿನಾಗೆ ದೇಶದ ತಂಡದಲ್ಲಿ ಜಾಗ. ಅವಳು ಗೆರೆ ಬಿಡಬೇಕಾದದ್ದು ಹನ್ನೊಂದು ಇಪ್ಪತ್ತಕ್ಕೆ. ಒಂದು ನಿಮಿಷ ತಡವಾದರೂ ಹೆಸರು ಹೊಡೆದು ಹಾಕುತ್ತಾರೆ. ಹತ್ತೂವರೆಗೆ ನೋಡಿದರೆ ಹಿಂದಿನ ಟಯರಿನ ಪಕ್ಕೆಯಲ್ಲಿ ಬೆರಳುದ್ದದ ಸೀಳು.

"ಗಶ್ಪೆರ್‌ಗೆ ಕೊಡ್ತೀನಮ್ಮಾ, ಐದು ನಿಮಿಷದ ಕೆಲಸ" ಅಂದಳು.

"ಐದು ನಿಮಿಷ ಅವನಿಗೆ ಗ್ಲೌಸ್ ಏರಿಸೋಕೇ ಬೇಕು. ತಾರೇ ಇಲ್ಲಿ."

ಅವಳು ಒಂದು ಗಳಿಗೆ ಚಕ್ರ ಹಿಡಿದುಕೊಂಡೇ ನಿಂತಳು. ಆಮೇಲೆ ಕೊಟ್ಟಳು.

ಹಳೇ ಟಯರಿನ ಅಂಚು ರಿಮ್ಮಿಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅಪ್ಪನ ಲಿವರನ್ನು ಆಳಕ್ಕೆ ತೂರಿಸಿ ಒಂದೇ ಸಲಕ್ಕೆ ಎಬ್ಬಿಸಿದೆ.

ಗಶ್ಪೆರ್ ಹತ್ತಿರ ಬಂದ. "ಯುಸ್ತಿನಾ ಅಮ್ಮಾ, ರಿಮ್ಮಿನ ಒಳಗೆ ಟೇಪ್ ಇದೆ. ಕಡ್ಡಿಗಳ ತೂತು ಮುಚ್ಚಿರೋದು ಅದೊಂದೇ. ಸ್ವಲ್ಪ ನೋಡ್ಕೊಂಡು..."

"ಗೊತ್ತಪ್ಪಾ ಡಾಕ್ಟ್ರೇ, ಗೊತ್ತು. ನಿಮ್ಮ ಪೇಷಂಟ್‌ಗಳು ಕಾಯ್ತಿದಾರೆ, ಹೋಗಿ."

ಹೊಸ ಟಯರ್ ಹಾಕಿದೆ, ತೂತು ಮುಚ್ಚುವ ಬಿಳಿ ದ್ರವ ಸುರಿದೆ, ಪಂಪು ಹೊಡೆದೆ. ಟ್ಯೂಬಿಲ್ಲದ ಟಯರ್ ಅಂದಮೇಲೆ ಅದರ ಎರಡು ಅಂಚೂ ಠಪ್, ಠಪ್ ಅಂತ ರಿಮ್ಮಿಗೆ ಹೋಗಿ ಕೂರಬೇಕು. ಇದು ಬುಸ್ ಅಂತು, ಅಷ್ಟೆ. ಮತ್ತೆ ಹೊಡೆದೆ. ಬುಸ್. ಮುನ್ನೂರು ಜೂಲು ಕರಡಿಗಳು ಹೊತ್ತುಕೊಂಡು ಹೋಗಲಿ ಇದನ್ನು! ಈಗಿನ ಟಯರ್ ಮಾಡುವವರು ಜನ್ಮದಲ್ಲಿ ಸೈಕಲ್ ಹತ್ತಿದ್ದಾರೋ ಇಲ್ಲವೋ. ಸೋಪಿನ ನೀರು ಸವರಿದೆ. ವಾಲ್ವಿನ ಒಳಗಿನ ಪಿನ್ನು ಬಿಚ್ಚಿದೆ. ಸುತ್ತ ಬೆಲ್ಟು ಬಿಗಿದೆ. ರಟ್ಟೆ ಬಿದ್ದುಹೋಯಿತು. ಸಾಸೇಜ್ ತಿನ್ನುತ್ತಿದ್ದ ನಾಲ್ಕು ಜನ ಪುಕ್ಕಟೆ ತಮಾಷೆ ಸಿಕ್ಕಿತು ಅಂತ ಸುತ್ತ ನಿಂತರು.

"ಅಮ್ಮಾ, ಹತ್ತು ಐವತ್ತೈದು" ಅಂದಳು ಬ್ರಿನಾ.

"ನನಗೂ ಕಣ್ಣಿದೆ, ಗಡಿಯಾರ ನೋಡೋಕೆ ಬರುತ್ತೆ."

ಗಶ್ಪೆರ್‌ನ ಕಂಪ್ರೆಸರ್ ಕೇಳಿದೆ. ಕೇಳಿದೆ ಅಂದರೆ, ಎತ್ತಿಕೊಂಡು ಬಂದೆ. ಅದರ ಮೂತಿಯನ್ನು ವಾಲ್ವಿಗೆ ಇಟ್ಟು ಒತ್ತಿದೆ. ಠಪ್! ಠಪ್! ಆಹಾ, ಆ ಸದ್ದು! ಸಾಸೇಜಿನವರು ಚಪ್ಪಾಳೆ ತಟ್ಟಿದರು. ನಾನು ಚಕ್ರವನ್ನು ಎತ್ತಿ ಹಿಡಿದು, ಇಡೀ ಡೇರೆಗೆ ಕೇಳಿಸುವ ಹಾಗೆ ಹೇಳಿದೆ: "ಕಲ್ಕೋ ಗಶ್ಪೆರ್. ಬಿಳಿ ಬಟ್ಟೆ ಹಾಸಿಬಿಟ್ರೆ ಮೆಕ್ಯಾನಿಕ್ ಆಗಲ್ಲ. ನಿನ್ನ ಕೈಗೆ ಕೊಟ್ಟಿದ್ರೆ ನನ್ನ ಮಗಳು ಇವತ್ತು ನಡ್ಕೊಂಡೇ ಬೆಟ್ಟ ಇಳೀಬೇಕಿತ್ತು."

ಅವನ ಕಣ್ಣು ರಿಮ್ಮಿನ ಮೇಲಿತ್ತು. ಬ್ರಿನಾಳ ಕಣ್ಣೂ ಅಲ್ಲೇ.

ಕಡ್ಡಿಯ ಬುಡದಲ್ಲಿ ಒಂದು ಬಿಳಿ ಹನಿ. ಪಕ್ಕದ ಕಡ್ಡಿಯಲ್ಲಿ ಇನ್ನೊಂದು. ನೋಡುನೋಡುತ್ತಿದ್ದಂತೆ ಏಳೆಂಟು ಕಡೆಯಿಂದ ದ್ರವ ಜಿನುಗಿ ನನ್ನ ಬೂಟಿನ ಮೇಲೆ ತೊಟ್ಟಿಕ್ಕತೊಡಗಿತು. ಹೆಬ್ಬೆರಳಿಟ್ಟೆ. ಟಯರ್ ಮೆತ್ತಗಾಗುತ್ತಿತ್ತು.

ಯಾರೂ ಹೇಳಬೇಕಾಗಿರಲಿಲ್ಲ. ಮೂವತ್ತು ವರ್ಷದ ಕಸುಬು ನನ್ನದು. ಟೇಪ್ ಹರಿದಿದೆ, ಹರಿದು ಹಾಕಿದ್ದು ಅಪ್ಪನ ಲಿವರು, ಆ ಲಿವರ್ ಹಿಡಿದಿದ್ದ ಕೈ ನನ್ನದು. ಅಪ್ಪನ ಕಾಲದ ರಿಮ್ಮಿನಲ್ಲಿ ಗಾಳಿ ತಡೆಯುವ ಟೇಪ್ ಎಲ್ಲಿತ್ತು? ಇಂಗು ತಿಂದ ಮಂಗನ ಹಾಗೆ ನಿಂತುಬಿಟ್ಟೆ.

"ಹನ್ನೊಂದು ಗಂಟೆ" ಅಂದಳು ಬ್ರಿನಾ. ಅವಳು ಅದನ್ನು ಹೇಳಿದ್ದು ನನಗಲ್ಲ.

ಗಶ್ಪೆರ್ ನನ್ನ ಕೈಯಿಂದ ಚಕ್ರ ತೆಗೆದುಕೊಂಡ. ಗುಲಾಬಿ ಬಾಚಣಿಗೆಯನ್ನು ಕೂಡ ಮುಟ್ಟಲಿಲ್ಲ. ಎರಡು ಹೆಬ್ಬೆರಳಲ್ಲಿ ಟಯರಿನ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಸುತ್ತಲೂ ಒತ್ತುತ್ತ ಹೋದ, ಅದು ತಾನಾಗಿ ಸಡಿಲವಾಗಿ ಬಂತು. ಹೆಬ್ಬೆರಳಲ್ಲಿ! ನಾನು ಉಕ್ಕು ತೂರಿಸಿದ್ದ ಜಾಗದಲ್ಲಿ ಟೇಪ್ ಕಿತ್ತು ನಿಂತಿತ್ತು.

"ಯುಸ್ತಿನಾ ಅಮ್ಮಾ, ಸ್ವಲ್ಪ ಹಿಡ್ಕೊಳ್ತೀರಾ?" ಅಂದ. ದನಿಯಲ್ಲಿ ಒಂದು ಚೂರು ವ್ಯಂಗ್ಯ ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಿಡಿದುಕೊಂಡೆ. ಅವನು ಸ್ಪಿರಿಟ್ ಹಾಕಿ ಒರೆಸಿದ, ಒಣಗಿಸಿದ, ಹೊಸ ಟೇಪನ್ನು ಎಳೆದೆಳೆದು ಎರಡು ಸುತ್ತು ಸುತ್ತಿದ. ದ್ರವ ಮೆತ್ತಿಕೊಂಡ ನನ್ನ ಕೈ ಟೇಪಿಗೆ ತಾಗಿ ಅಂಟು ಹಾಳಾದೀತು ಅಂತ ಎರಡು ಸಲ ನನ್ನ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಗ್ಲೌಸ್ ಯಾತಕ್ಕೆ ಅಂತ ಆಗ ಗೊತ್ತಾಯಿತು. ಗೊತ್ತಾಗಿ ಹೊಟ್ಟೆ ಇನ್ನಷ್ಟು ಉರಿಯಿತು.

ಠಪ್. ಠಪ್. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹನ್ನೊಂದು ಹದಿನೆಂಟಕ್ಕೆ ಬ್ರಿನಾ ಗೆರೆಯ ಮೇಲಿದ್ದಳು. ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಗಶ್ಪೆರ್. ಹೆಲ್ಮೆಟ್ ಬಿಗಿದುಕೊಂಡು, ಮುಂದಿನ ದಾರಿಯನ್ನೇ ನೋಡುತ್ತ ಕೇಳಿದಳು, "ಗಾಳಿ ಎಷ್ಟಿದೆ?"

ನನ್ನ ಹೆಬ್ಬೆರಳು ಆಗಲೇ ಟಯರಿನ ಮೇಲಿತ್ತು. "ಸಾಕು" ಅನ್ನಲು ಬಾಯಿ ತೆರೆದೆ. ಅವಳು ತಲೆ ತಿರುಗಿಸಿದ್ದು ಆ ಕಡೆಗೆ.

ಗಶ್ಪೆರ್ ಮೀಟರ್ ನೋಡಿದ. "ಒಂದು ಪಾಯಿಂಟ್ ಏಳು" ಅಂದ.

"ಸರಿ" ಅಂದು ಹೊರಟುಹೋದಳು.